ವಿಂಡೋ ತೆರೆಯುವ ಮುನ್ನ ಅಲ್ಲಿ ಪರದೆ ಇದೆಯೇ ಎಂದು ತಂತ್ರಾಂಶ ನೋಡಲಿ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್‌ಗೆ ಎರಡನೇ ಮಾನಿಟರ್ ಜೋಡಿಸಿಕೊಂಡು ಕೆಲಸ ಮಾಡುವುದು ಈಗ ಐಟಿ ಕಂಪನಿಗಳಿಗೆ ಸೀಮಿತವಾಗಿ ಉಳಿದಿಲ್ಲ. ಲೆಕ್ಕಪರಿಶೋಧಕರ ಕಚೇರಿ, ಡಿಟಿಪಿ ಕೇಂದ್ರ, ಬ್ಯಾಂಕಿನ ಕೌಂಟರ್, ಶಾಲೆಯ ಪ್ರೊಜೆಕ್ಟರ್ ಕೊಠಡಿ ಹೀಗೆ ಒಂದು ಕಂಪ್ಯೂಟರಿಗೆ ಎರಡು ಪರದೆ ಇರುವ ಜಾಗಗಳು ಹೆಚ್ಚಿವೆ. ಅದರ ಜೊತೆಗೆ ಒಂದು ದೋಷವೂ ಬಂದಿದೆ. ಹಗಲು ಎರಡನೇ ಪರದೆಯಲ್ಲಿ ತೆರೆದಿದ್ದ ಪ್ರೋಗ್ರಾಂ, ಕೇಬಲ್ ಕಿತ್ತು ಮನೆಗೆ ಒಯ್ದ ಮೇಲೆ ತೆರೆದರೆ ಕಾಣುವುದೇ ಇಲ್ಲ. ಟಾಸ್ಕ್‌ಬಾರಿನಲ್ಲಿ ಐಕಾನ್ ಇರುತ್ತದೆ, ಪ್ರೋಗ್ರಾಂ ಓಡುತ್ತಲೂ ಇರುತ್ತದೆ, ವಿಂಡೋ ಮಾತ್ರ ಎಲ್ಲಿಯೂ ಇಲ್ಲ. ರಿಪೇರಿಗೆ ಬಂದವರು ಪ್ರೋಗ್ರಾಂ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಅದರಿಂದ ಪ್ರಯೋಜನವಾಗುವುದು ಅಪರೂಪ. ವಿಂಡೋದ ಸ್ಥಾನ ದಾಖಲಾಗಿರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಬಳಕೆದಾರರ ಭಾಗದಲ್ಲಿ ಅಥವಾ ಪ್ರೊಫೈಲ್ ಫೋಲ್ಡರಿನಲ್ಲಿ. ಪ್ರೋಗ್ರಾಂ ತೆಗೆದರೂ ಸಾಮಾನ್ಯವಾಗಿ ಆ ದಾಖಲೆ ಹಾಗೇ ಉಳಿಯುತ್ತದೆ. ಹೊಸದಾಗಿ ಹಾಕಿದ ಪ್ರೋಗ್ರಾಂ ಅದೇ ಹಳೆಯ ಅಂಕಿಗಳನ್ನು ಓದಿ, ಅದೇ ಇಲ್ಲದ ಜಾಗದಲ್ಲಿ ತೆರೆದುಕೊಳ್ಳುತ್ತದೆ.

ಇದು ಬಳಸುವವರ ತಪ್ಪಲ್ಲ, ಯಂತ್ರದ ದೋಷವೂ ಅಲ್ಲ. ತಂತ್ರಾಂಶ ಬರೆದವರು ಒಂದು ತಪಾಸಣೆಯನ್ನು ಬಿಟ್ಟಿರುವುದರ ಫಲ. ಕರ್ನಾಟಕದಲ್ಲಿ ತಂತ್ರಾಂಶ ಬರೆಯುವವರೂ ಬಹಳ, ಇಲಾಖೆಗಳಿಗಾಗಿ ಕೊಳ್ಳುವವರೂ ಬಹಳ. ಆದ್ದರಿಂದ ಇದನ್ನು ವಿವರವಾಗಿ ಹೇಳುವುದು ಅಗತ್ಯ ಎನಿಸಿ ಈ ಪತ್ರ.

ಮೊದಲು ಅಂಕಿಗಳ ವಿಷಯ. ವಿಂಡೋಸ್ ವ್ಯವಸ್ಥೆ ಎಲ್ಲ ಪರದೆಗಳನ್ನೂ ಸೇರಿಸಿ ಒಂದೇ ವಿಶಾಲ ಹಾಳೆ ಎಂದು ಭಾವಿಸುತ್ತದೆ. ಮುಖ್ಯ ಪರದೆಯ ಎಡ ಮೇಲ್ಮೂಲೆ ಅದರ ಸೊನ್ನೆ ಬಿಂದು. ಲ್ಯಾಪ್‌ಟಾಪ್ ಪರದೆ 1920×1080 ಪಿಕ್ಸೆಲ್ ಎಂದುಕೊಳ್ಳಿ. ಅದರ ಬಲಕ್ಕೆ 2560×1440ರ ಮಾನಿಟರ್ ಜೋಡಿಸಿದರೆ ಆ ಮಾನಿಟರ್ ಅಡ್ಡಸಾಲಿನಲ್ಲಿ 1920ರಿಂದ ಶುರುವಾಗಿ 4479ಕ್ಕೆ ಮುಗಿಯುತ್ತದೆ. ಅಲ್ಲಿ 2400ರಲ್ಲಿ ಇಟ್ಟ ವಿಂಡೋವನ್ನು ಮುಚ್ಚಿದಾಗ ಪ್ರೋಗ್ರಾಂ 2400 ಎಂದು ಬರೆದಿಡುತ್ತದೆ. ಕೇಬಲ್ ಕಿತ್ತ ಮೇಲೆ ಹಾಳೆ 1919ಕ್ಕೇ ಮುಗಿದಿರುತ್ತದೆ. ಊರಿನ ಹೆಸರಿಲ್ಲದೆ ಮನೆ ನಂಬರ್ ಮಾತ್ರ ಇರುವ ವಿಳಾಸದಂತೆ, ಪರದೆಯ ವಿವರವಿಲ್ಲದ 2400 ಎಂಬ ಅಂಕಿಗೆ ಅರ್ಥವಿಲ್ಲ.

ಈ ದೋಷ ಕಂಡವರು ಮಾಡುವ ಮೊದಲ ತಿದ್ದುಪಡಿಯೇ ಇನ್ನೊಂದು ದೋಷಕ್ಕೆ ದಾರಿ ಮಾಡುತ್ತದೆ. 'ಸ್ಥಾನ ಸೊನ್ನೆಗಿಂತ ಕಡಿಮೆಯಿದ್ದರೆ ಸೊನ್ನೆ ಮಾಡು' ಎಂಬ ಒಂದು ಸಾಲು ಬಹಳ ಪ್ರೋಗ್ರಾಂಗಳಲ್ಲಿ ಕಾಣುತ್ತದೆ. ಎರಡನೇ ಮಾನಿಟರನ್ನು ಎಡಕ್ಕೆ ಇಟ್ಟವರಿಗೆ ಆ ಪರದೆಯ ಅಂಕಿಗಳೆಲ್ಲ ಋಣ ಸಂಖ್ಯೆಗಳು: ಮೈನಸ್ 2560ರಿಂದ ಮೈನಸ್ 1ರ ತನಕ. ಅವು ಸರಿಯಾದ ಸ್ಥಾನಗಳೇ. ಈ ಒಂದು ಸಾಲಿನಿಂದಾಗಿ ಅವರ ವಿಂಡೋ ಪ್ರತಿ ಸಲವೂ ಲ್ಯಾಪ್‌ಟಾಪಿಗೆ ಎಗರುತ್ತದೆ. ಎರಡನೇ ತಿದ್ದುಪಡಿ, ಎಲ್ಲ ಪರದೆಗಳನ್ನೂ ಸುತ್ತುವರಿದ ದೊಡ್ಡ ಆಯತದೊಳಗೆ ಸ್ಥಾನ ಇದೆಯೇ ಎಂದು ನೋಡುವುದು. ಇದೂ ಸಾಲದು. ಮೇಲಿನ ಉದಾಹರಣೆಯಲ್ಲಿ ಎರಡೂ ಪರದೆಗಳ ಮೇಲಂಚು ಸಮವಾಗಿದ್ದರೆ ಸುತ್ತಿನ ಆಯತ 4480×1440. ಆದರೆ ಲ್ಯಾಪ್‌ಟಾಪಿನ ಕೆಳಗೆ 1080ರಿಂದ 1439ರ ತನಕ ಪರದೆಯೇ ಇಲ್ಲ. 1920 ಅಗಲ, 360 ಎತ್ತರದ ಆ ಖಾಲಿಯಲ್ಲಿ ವಿಂಡೋ ಕುಳಿತರೆ ತಪಾಸಣೆ ಪಾಸಾಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಮೂರನೆಯ ತಪ್ಪು ಇನ್ನೂ ಸೂಕ್ಷ್ಮ. ವಿಂಡೋ ಯಾವ ಪರದೆಯದು ಎಂದು ಅದರ ಎಡ ಮೇಲ್ಮೂಲೆ ನೋಡಿ ತೀರ್ಮಾನಿಸುವುದು. ವಿಂಡೋಸ್ 10ರಿಂದೀಚೆಗೆ ಸಾಮಾನ್ಯ ವಿಂಡೋಗಳ ಎಡ, ಬಲ ಮತ್ತು ಕೆಳಗೆ ಕಣ್ಣಿಗೆ ಕಾಣದ ಅಂಚು ಇರುತ್ತದೆ. ಶೇ 100 ಸ್ಕೇಲಿಂಗಿನಲ್ಲಿ, ಅಂದರೆ ಪರದೆಯ ಅಕ್ಷರ, ಬಟನ್‌ಗಳನ್ನು ದೊಡ್ಡದು ಮಾಡದ ಸಹಜ ಗಾತ್ರದಲ್ಲಿ, ಅದು 7 ಪಿಕ್ಸೆಲ್. ಬಲಗಡೆಯ ಮಾನಿಟರಿನ ಎಡ ಅಂಚಿಗೆ ಒತ್ತಿ ಇಟ್ಟ ವಿಂಡೋದ ನಿಜವಾದ ಸ್ಥಾನ 1920 ಅಲ್ಲ, 1913. ಪೂರ್ತಿ ಹಿಗ್ಗಿಸಿದರೆ (ಮ್ಯಾಕ್ಸಿಮೈಸ್) 1912. ಎರಡೂ ಅಂಕಿಗಳು ಲ್ಯಾಪ್‌ಟಾಪಿನ ಪರದೆಗೆ ಸೇರಿದವು! ಹೀಗಾಗಿ ದೊಡ್ಡ ಮಾನಿಟರಿನಲ್ಲಿ ಹಿಗ್ಗಿಸಿ ಮುಚ್ಚಿದ ಪ್ರೋಗ್ರಾಂ ಮರುದಿನ ಲ್ಯಾಪ್‌ಟಾಪಿನಲ್ಲಿ ಹಿಗ್ಗಿ ಕೂರುತ್ತದೆ. ವಿಂಡೋದ ವಿಸ್ತೀರ್ಣದಲ್ಲಿ ಅತಿ ಹೆಚ್ಚು ಪಾಲು ಯಾವ ಪರದೆಯ ಮೇಲಿದೆಯೋ ಅದೇ ಅದರ ಪರದೆ ಎಂಬುದು ಸರಿಯಾದ ಲೆಕ್ಕ. ವಿಂಡೋಸ್‌ನ ಮಾನಿಟರ್‌ಫ್ರಮ್‌ರೆಕ್ಟ್ ಎಂಬ ಕರೆ (ಪ್ರೋಗ್ರಾಂ ವ್ಯವಸ್ಥೆಯಿಂದ ಕೇಳಿ ಪಡೆಯುವ ಸೇವೆ) ಇದನ್ನೇ ಮಾಡಿಕೊಡುತ್ತದೆ. ಯಾವ ಪರದೆಯನ್ನೂ ಮುಟ್ಟದಿದ್ದರೆ ಹತ್ತಿರದ್ದನ್ನು ಹೇಳು ಎಂದೂ ಅದನ್ನು ಕೇಳಬಹುದು.

ಹಾಗಾದರೆ ಸರಿಯಾದ ತಪಾಸಣೆ ಯಾವುದು? ಪ್ರತಿ ಪರದೆಯನ್ನೂ ಬೇರೆಬೇರೆಯಾಗಿ ತೆಗೆದುಕೊಳ್ಳಬೇಕು. ಪರದೆಯ ಪೂರ್ಣ ಅಳತೆಯನ್ನಲ್ಲ, ಟಾಸ್ಕ್‌ಬಾರ್ ಕಳೆದು ಉಳಿದ ಕೆಲಸದ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಕು. ಇಡೀ ವಿಂಡೋ ಒಳಗಿರಬೇಕೆಂಬ ಕಟ್ಟುನಿಟ್ಟು ಬೇಡ; ಅದನ್ನು ಹಾಕಿದರೆ ಅಂಚಿಗೆ ಒತ್ತಿಟ್ಟ ವಿಂಡೋಗಳೆಲ್ಲ ಮೇಲೆ ಹೇಳಿದ 7 ಪಿಕ್ಸೆಲ್‌ನಿಂದಾಗಿ ಪ್ರತಿ ಸಲ ಅಲುಗುತ್ತವೆ. ಅರ್ಧ ವಿಂಡೋವನ್ನು ಬೇಕೆಂದೇ ಹೊರಗೆ ತಳ್ಳಿ ಇಡುವವರೂ ಇದ್ದಾರೆ. ಮುಖ್ಯವಾದದ್ದು ಹಿಡಿದು ಎಳೆಯುವ ಶೀರ್ಷಿಕೆ ಪಟ್ಟಿ. ಆ ಪಟ್ಟಿಯ ಪೂರ್ತಿ ಎತ್ತರ ಮತ್ತು ಕನಿಷ್ಠ 100 ಪಿಕ್ಸೆಲ್ ಅಗಲ ಯಾವುದಾದರೂ ಒಂದು ಪರದೆಯ ಕೆಲಸದ ಜಾಗದಲ್ಲಿದ್ದರೆ ಸಾಕು, ಮುಟ್ಟಬಾರದು. ಇಲ್ಲದಿದ್ದರೆ ಹತ್ತಿರದ ಪರದೆಗೆ ತರಬೇಕು. ಆ ಪರದೆಗಿಂತ ವಿಂಡೋ ದೊಡ್ಡದಿದ್ದರೆ ಮೊದಲು ಅಳತೆ ಕಿರಿದು ಮಾಡಿ, ಆಮೇಲೆ ಸ್ಥಾನ ಕೂರಿಸಬೇಕು. ಈ ಕ್ರಮ ತಿರುಗಿದರೆ ದೊಡ್ಡ ವಿಂಡೋದ ಮೇಲ್ತುದಿ ಪರದೆಯ ಆಚೆ ಉಳಿಯುತ್ತದೆ. ಮೇಲ್ತುದಿ ಹೋದರೆ ಶೀರ್ಷಿಕೆ ಪಟ್ಟಿ ಹೋಯಿತು, ಎಳೆದು ತರಲು ಹಿಡಿಯೇ ಇಲ್ಲ.

ಇದರಲ್ಲಿ ಒಂದು ಭಾಗವನ್ನು ವಿಂಡೋಸ್ ಪುಕ್ಕಟೆಯಾಗಿಯೇ ಕೊಡುತ್ತದೆ. ಗೆಟ್‌ವಿಂಡೋಪ್ಲೇಸ್‌ಮೆಂಟ್ ಕರೆಯಿಂದ ಸ್ಥಾನ ಓದಿಟ್ಟು, ಸೆಟ್‌ವಿಂಡೋಪ್ಲೇಸ್‌ಮೆಂಟ್‌ನಿಂದ ವಾಪಸ್ ಇಟ್ಟರೆ, ಪೂರ್ತಿ ಹೊರಗೆ ಬೀಳುವ ವಿಂಡೋವನ್ನು ವ್ಯವಸ್ಥೆಯೇ ಒಳಗೆ ತರುತ್ತದೆ. ಬಹಳ ಪ್ರೋಗ್ರಾಂಗಳು ಈ ಜೋಡಿಯನ್ನು ಬಿಟ್ಟು ನೇರವಾಗಿ ಅಂಕಿ ಕೊಟ್ಟು ಸರಿಸುವುದರಿಂದಲೇ ಇಷ್ಟು ತೊಂದರೆ. ಆದರೂ ಒಂದು ಚೂರು ಅಂಚು ಪರದೆಯ ಮೇಲಿದ್ದರೆ ಆ ರಕ್ಷಣೆ ಸಿಗದು. ಶೀರ್ಷಿಕೆ ಪಟ್ಟಿಯ ತಪಾಸಣೆಯನ್ನು ನಾವೇ ಬರೆಯಬೇಕು. ಇನ್ನೊಂದು ಎಚ್ಚರ: ಈ ಜೋಡಿ ಕರೆಗಳು ಅಂಕಿಗಳನ್ನು ಎಣಿಸುವುದು ಕೆಲಸದ ಜಾಗದ ಮೂಲೆಯಿಂದ, ಉಳಿದ ಕರೆಗಳು ಎಣಿಸುವುದು ಪರದೆಯ ಮೂಲೆಯಿಂದ. ಟಾಸ್ಕ್‌ಬಾರ್ ಕೆಳಗಿದ್ದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಂಡೋಸ್ 10ರಲ್ಲಿ ಅದನ್ನು ಮೇಲೆ ಅಥವಾ ಎಡಕ್ಕೆ ಇಟ್ಟವರ ಯಂತ್ರದಲ್ಲಿ, ಒಂದರಿಂದ ಓದಿ ಇನ್ನೊಂದರಿಂದ ಇಡುವ ಪ್ರೋಗ್ರಾಂ ಪ್ರತಿ ಸಲ ಟಾಸ್ಕ್‌ಬಾರಿನಷ್ಟು ದೂರ ಜಾರುತ್ತದೆ.

ಜಾರುವುದಕ್ಕೆ ಇನ್ನೂ ಒಂದು ಕಾರಣವಿದೆ. ವಿಂಡೋಗೆ ಎರಡು ಅಳತೆ: ಚೌಕಟ್ಟು ಸೇರಿದ್ದು, ಒಳಭಾಗದ್ದು ಮಾತ್ರ. ಒಳಭಾಗದ ಮೂಲೆಯನ್ನು ದಾಖಲಿಸಿ, ತೆರೆಯುವಾಗ ಅದನ್ನೇ ಚೌಕಟ್ಟಿನ ಮೂಲೆ ಎಂದುಕೊಂಡರೆ ವಿಂಡೋ ಪ್ರತಿ ಸಲವೂ ಶೀರ್ಷಿಕೆ ಪಟ್ಟಿಯ ಎತ್ತರದಷ್ಟು, ಅಂದರೆ ಸುಮಾರು 30 ಪಿಕ್ಸೆಲ್, ಕೆಳಗಿಳಿಯುತ್ತದೆ. ಅಳತೆಯಲ್ಲೂ ಇದೇ ಗೊಂದಲವಾದರೆ ದಿನದಿಂದ ದಿನಕ್ಕೆ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ. ಪತ್ತೆ ಹಚ್ಚುವುದು ಸುಲಭ: ಪ್ರೋಗ್ರಾಂ ಅನ್ನು ಹತ್ತು ಬಾರಿ ತೆರೆದು ಮುಚ್ಚಿ, ಹತ್ತನೆಯ ಸಲವೂ ಅದೇ ಅಂಕಿ ದಾಖಲಾಗಿದೆಯೇ ನೋಡಿದರೆ ಸಾಕು.

ಕುಗ್ಗಿಸಿ ಟಾಸ್ಕ್‌ಬಾರಿಗೆ ಇಳಿಸಿದ ವಿಂಡೋದ ವಿಷಯ ಬೇರೆ. ಅದನ್ನು ವಿಂಡೋಸ್ ಮೈನಸ್ 32000, ಮೈನಸ್ 32000 ಎಂಬ ಜಾಗಕ್ಕೆ ಕಳಿಸಿಬಿಡುತ್ತದೆ. ಆ ಸ್ಥಿತಿಯಲ್ಲೇ ಪ್ರೋಗ್ರಾಂ ಮುಚ್ಚಿದರೆ, ಅಜಾಗರೂಕ ತಂತ್ರಾಂಶ ಆ ಅಂಕಿಯನ್ನೇ ಬರೆದಿಡುತ್ತದೆ. ಒಂದೇ ಪರದೆಯ ಯಂತ್ರದಲ್ಲೂ ವಿಂಡೋ ಮಾಯವಾಗುವುದು ಹೀಗೆ. ಆದ್ದರಿಂದ ದಾಖಲಿಸಬೇಕಾದದ್ದು ವಿಂಡೋದ ಸಹಜ ಅಳತೆ ಮತ್ತು ಸ್ಥಾನ. ಅದರ ಜೊತೆಗೆ, ಪ್ರತ್ಯೇಕವಾಗಿ, ಹಿಗ್ಗಿಸಿತ್ತೇ ಎಂಬ ಒಂದು ಗುರುತು. ಕುಗ್ಗಿಸಿತ್ತೆಂಬುದನ್ನು ನೆನಪಿಡುವ ಅಗತ್ಯವೇ ಇಲ್ಲ. ಐಕಾನ್ ಒತ್ತಿದವರಿಗೆ ವಿಂಡೋ ಕಾಣಬೇಕು. ತೆರೆಯುವಾಗ ವಿಂಡೋವನ್ನು ಮೊದಲು ಅದೃಶ್ಯವಾಗಿಯೇ ಸರಿಯಾದ ಪರದೆಗೆ ಒಯ್ದು, ಆಮೇಲೆ ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಸರಿಸಲು ಹೋದರೆ ತಪ್ಪು ಪರದೆಯಲ್ಲಿ ಹಿಗ್ಗಿ ನಿಲ್ಲುತ್ತದೆ.

ಈಗ ಅಳತೆಯ ಸ್ಕೇಲಿಂಗ್. 14 ಅಂಗುಲದ ಲ್ಯಾಪ್‌ಟಾಪ್ ಮತ್ತು 24 ಅಂಗುಲದ ಮಾನಿಟರ್ ಎರಡೂ 1920×1080 ಇರಬಹುದು. ಚಿಕ್ಕದರಲ್ಲಿ ಅಕ್ಷರ ಓದಲಾಗದೆ ಶೇ 150 ಇಟ್ಟುಕೊಳ್ಳುತ್ತೇವೆ, ದೊಡ್ಡದರಲ್ಲಿ ಶೇ 100. ಅಂಗುಲಕ್ಕೆ 96 ಬಿಂದು ಎಂಬುದು ಶೇ 100, 144 ಎಂಬುದು ಶೇ 150. ಲ್ಯಾಪ್‌ಟಾಪಿನಲ್ಲಿ 1200×900 ಪಿಕ್ಸೆಲ್ ಹಿಡಿದ ಫಾರಂ ನಿಜವಾಗಿ 800×600ರ ಫಾರಂ. ಅದೇ 1200×900 ಅನ್ನು ಮಾನಿಟರಿನಲ್ಲಿ ಇಟ್ಟರೆ ಸುತ್ತ ಖಾಲಿ ಜಾಗ ಬೀಳುತ್ತದೆ, ಅಷ್ಟೇ. ತಿರುಗುಮುರುಗಾದರೆ ನಷ್ಟ ಹೆಚ್ಚು: ಮಾನಿಟರಿನಲ್ಲಿ 1200×900 ಇದ್ದ ಫಾರಂ ಲ್ಯಾಪ್‌ಟಾಪಿಗೆ ಬಂದಾಗ ಒಳಗೆ 800×600ರಷ್ಟು ವಿಷಯಕ್ಕೆ ಮಾತ್ರ ಜಾಗ ಸಿಗುತ್ತದೆ, ಕೆಳಗಿನ 'ಉಳಿಸಿ' ಬಟನ್ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಪಿಕ್ಸೆಲ್ ಅಂಕಿಯ ಜೊತೆಗೆ ಆಗಿನ ಸ್ಕೇಲಿಂಗನ್ನೂ ಬರೆದಿಟ್ಟು, ತೆರೆಯುವ ಪರದೆಯ ಸ್ಕೇಲಿಂಗಿಗೆ ಗುಣಿಸಿ ಭಾಗಿಸಿ ಹೊಂದಿಸಬೇಕು. ಪ್ರತಿ ಪರದೆಗೆ ಬೇರೆ ಸ್ಕೇಲಿಂಗ್ 2013ರ ವಿಂಡೋಸ್ 8.1ರಲ್ಲೇ ಬಂತು, ಡೈಲಾಗ್ (ಪ್ರಶ್ನೆ ಕೇಳುವ ಪುಟ್ಟ ವಿಂಡೋ) ಮತ್ತು ಶೀರ್ಷಿಕೆ ಪಟ್ಟಿಯನ್ನೂ ತಾನೇ ಹೊಂದಿಸುವ ಸುಧಾರಿತ ವಿಧಾನ 2017ರ ವಿಂಡೋಸ್ 10 ನವೀಕರಣದಲ್ಲಿ ಬಂತು. ಇಷ್ಟು ವರ್ಷ ಕಳೆದರೂ ಅದನ್ನು ಬಳಸದ ತಂತ್ರಾಂಶಗಳು ಮಾರಾಟವಾಗುತ್ತಲೇ ಇವೆ.

ವಿಂಡೋವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಎಳೆಯುವಾಗ ವಿಂಡೋಸ್ ಪ್ರೋಗ್ರಾಮಿಗೆ ಸ್ಕೇಲಿಂಗ್ ಬದಲಾಯಿತು ಎಂಬ ಸಂದೇಶ ಕಳಿಸುತ್ತದೆ, ಜೊತೆಗೆ ಹೊಸ ಆಯತವನ್ನೂ ಸೂಚಿಸುತ್ತದೆ. ಆ ಸೂಚನೆಯನ್ನು ಹಾಗೆಯೇ ಪಾಲಿಸಬೇಕು. ಸ್ವಂತ ಲೆಕ್ಕ ಹಾಕಿ ಬೇರೆ ಅಳತೆ ಕೊಟ್ಟರೆ ವಿಂಡೋದ ಹೆಚ್ಚಿನ ಪಾಲು ಮತ್ತೆ ಹಳೆಯ ಪರದೆಗೆ ಸೇರಿಬಿಡಬಹುದು. ಆಗ ಇನ್ನೊಂದು ಸಂದೇಶ, ಮತ್ತೆ ಹೊಸ ಅಳತೆ, ಹೀಗೆ ಎರಡು ಪರದೆಗಳ ನಡುವೆ ವಿಂಡೋ ಕಂಪಿಸುತ್ತಾ ನಿಲ್ಲುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಸ್ಕೇಲಿಂಗ್ ಇನ್ನಷ್ಟು ಮುಖ್ಯ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್‌ಗೆ ಸಾಕಾಗುವ ಅಕ್ಷರ ಗಾತ್ರ ನಮಗೆ ಸಾಲದು, ಶೇ 125 ಅಥವಾ 150 ಇಟ್ಟುಕೊಳ್ಳಬೇಕಾಗುತ್ತದೆ. 1366×768ರ ಲ್ಯಾಪ್‌ಟಾಪ್‌ಗಳು ಸರ್ಕಾರಿ ಶಾಲೆ, ಕಚೇರಿಗಳಲ್ಲಿ ಇನ್ನೂ ಉಳಿದಿವೆ. ಅದರಲ್ಲಿ ಶೇ 125 ಇಟ್ಟರೆ ಎತ್ತರದಲ್ಲಿ ಸಿಗುವುದು 614. ವಿಂಡೋಸ್ 11ರ ಟಾಸ್ಕ್‌ಬಾರಿನ 48 ಕಳೆದರೆ 566. ಬೆಂಗಳೂರಿನ ದೊಡ್ಡ ಮಾನಿಟರಿನ ಮುಂದೆ ಕೂತು 700 ಎತ್ತರದ ಫಾರಂ ವಿನ್ಯಾಸ ಮಾಡಿ, ಅದನ್ನು ಕುಗ್ಗಿಸಲು ಬಾರದಂತೆ, ಸ್ಕ್ರಾಲ್ ಬಾರದಂತೆ ಕಟ್ಟಿಹಾಕಿದರೆ, ಹೋಬಳಿ ಮಟ್ಟದ ಕಚೇರಿಯಲ್ಲಿ ಆ ಫಾರಂನ ಕೊನೆಯ ಬಟನ್ ಒತ್ತಲು ದಾರಿಯೇ ಇರುವುದಿಲ್ಲ. ಪ್ರತಿ ವಿಂಡೋ 566ರ ಎತ್ತರದಲ್ಲಿ ಪೂರ್ತಿ ಬಳಸುವಂತಿರಬೇಕು, ಇಲ್ಲವೇ ಒಳಗೆ ಸ್ಕ್ರಾಲ್ ಇರಬೇಕು.

ಇನ್ನು ಪರದೆಯ ಗುರುತಿನ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಬೇರೆಯವರ ಖಾಸಗಿ ಮಾಹಿತಿಯ ಪ್ರಶ್ನೆಯಿದೆ. ಬಹಳ ತಂತ್ರಾಂಶಗಳು ಪರದೆಯನ್ನು ನೆನಪಿಡುವುದು 'ಎರಡನೇ ಪರದೆ' ಎಂದು ಮಾತ್ರ. ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿಯನ್ನು ಎರಡನೇ ಮಾನಿಟರಿನಲ್ಲಿ ತೆರೆದು ಮುಚ್ಚುತ್ತಾರೆ. ತರಗತಿಗೆ ಹೋಗಿ ಪ್ರೊಜೆಕ್ಟರ್ ಜೋಡಿಸಿದಾಗ ಈಗ ಅದೇ ಎರಡನೇ ಪರದೆ. ಅಂಕಪಟ್ಟಿ ತೆರೆದರೆ ನೇರ ಗೋಡೆಯ ಮೇಲೆ, ಎಲ್ಲ ಮಕ್ಕಳ ಮುಂದೆ. ವೈದ್ಯರ ಟೇಬಲಿನಲ್ಲಿ, ವಕೀಲರ ಕಚೇರಿಯಲ್ಲಿ, ಗ್ರಾಹಕರತ್ತ ಮುಖ ಮಾಡಿದ ಪರದೆಯಿರುವ ಕೌಂಟರಿನಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಜನರತ್ತ ಮುಖ ಮಾಡಿದ ಪರದೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಿಯಾಸ್ಕ್‌ಗಳಿಗೆ ರೈತರತ್ತ ತಿರುಗಿಸಿದ ಎರಡನೇ ಪರದೆಯನ್ನು ಇಟ್ಟಿದ್ದರು. ತಮ್ಮ ಜಮೀನಿನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂದು ರೈತರೇ ನೋಡಲಿ ಎಂಬುದು ಉದ್ದೇಶ. ಬಹಳ ಒಳ್ಳೆಯ ಉದ್ದೇಶ, ಇಂದಿನ ಎಲ್ಲ ಕೌಂಟರುಗಳಿಗೂ ಅದು ಬರಬೇಕು. ಆದರೆ ಹಾಗೆ ಬರುವಾಗ, ಆ ಪರದೆಗೆ ಯಾವ ವಿಂಡೋ ಹೋಗಬಹುದು, ಯಾವುದು ಹೋಗಬಾರದು ಎಂಬುದನ್ನು ತಂತ್ರಾಂಶ ಸ್ಪಷ್ಟವಾಗಿ ತಿಳಿದಿರಬೇಕು. ಹಿಂದಿನ ಅರ್ಜಿದಾರರ ಆಧಾರ್ ವಿವರದ ವಿಂಡೋ ಮುಂದಿನವರ ಪರದೆಗೆ ಜಾರಬಾರದು.

ಪರದೆಯನ್ನು ಗುರುತಿಸುವುದು ಕಷ್ಟವೇನಲ್ಲ. ಪ್ರತಿ ಮಾನಿಟರ್ ಇಡಿಐಡಿ ಎಂಬ, ಕನಿಷ್ಠ 128 ಬೈಟ್‌ನ ಪರಿಚಯ ಪತ್ರವನ್ನು ಕಂಪ್ಯೂಟರಿಗೆ ಒಪ್ಪಿಸುತ್ತದೆ. ಅದರಲ್ಲಿ ತಯಾರಕರ ಸಂಕೇತ, ಮಾದರಿ ಸಂಖ್ಯೆ, ಕ್ರಮಸಂಖ್ಯೆ, ತಯಾರಾದ ವಾರ ಮತ್ತು ವರ್ಷ ಇರುತ್ತವೆ. ತೊಡಕೆಂದರೆ, ಕೆಲವು ತಯಾರಕರು ಕ್ರಮಸಂಖ್ಯೆಯನ್ನು ಸೊನ್ನೆಯಾಗಿಯೇ ಬಿಡುತ್ತಾರೆ. ಒಂದೇ ಟೆಂಡರಿನಲ್ಲಿ ಕೊಂಡ ಮಾನಿಟರುಗಳು ಆಗ ಒಂದರಂತೆ ಇನ್ನೊಂದು. ಅಗ್ಗದ ಪರಿವರ್ತಕಗಳು ಮತ್ತು ಎರಡು ಕಂಪ್ಯೂಟರಿಗೆ ಒಂದೇ ಪರದೆ ಹಂಚುವ ಸ್ವಿಚ್‌ಗಳು ಕೆಲವೊಮ್ಮೆ ಈ ಪರಿಚಯ ಪತ್ರವನ್ನು ದಾಟಿಸುವುದೇ ಇಲ್ಲ. ಆದ್ದರಿಂದ ಪರಿಚಯ ಪತ್ರ, ಯಾವ ಪೋರ್ಟಿಗೆ ಜೋಡಿಸಿದೆ, ಪರದೆಯ ಅಳತೆ ಇವು ಮೂರನ್ನೂ ಕೂಡಿಸಿ ಗುರುತು ಮಾಡಬೇಕು. ಮೂರೂ ಹೊಂದಿದರೆ ಅದೇ ಪರದೆ. ಅನುಮಾನ ಬಂದರೆ ಮುಖ್ಯ ಪರದೆಯಲ್ಲಿ ತೆರೆಯಬೇಕು. ಗುರುತಿಲ್ಲದ ಪರದೆಗೆ, ಅದರಲ್ಲೂ ಪ್ರೊಜೆಕ್ಟರಿಗೆ, ಬಳಕೆದಾರರು ಎಳೆದು ಹಾಕದ ಹೊರತು ಏನೂ ಹೋಗಬಾರದು.

ಎರಡನೇ ಪರದೆ ತಾತ್ಕಾಲಿಕವಾಗಿ ಮರೆಯಾದಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಮಧ್ಯಾಹ್ನ ಊಟಕ್ಕೆ ಏಳುವಾಗ ಮಾನಿಟರಿನ ಬಟನ್ ಒತ್ತಿ ಆರಿಸುತ್ತೇವೆ. ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿ ಜೋಡಿಸಿದ ಬಹಳಷ್ಟು ಮಾನಿಟರುಗಳು ಆರಿದಾಗ, ಕೇಬಲ್ ಕಿತ್ತಂತೆಯೇ ಕಂಪ್ಯೂಟರಿಗೆ ತೋರುತ್ತದೆ. ಎಲ್ಲ ವಿಂಡೋಗಳೂ ಲ್ಯಾಪ್‌ಟಾಪಿಗೆ ನುಗ್ಗಿ, ಕುಗ್ಗಿ, ಒಂದರ ಮೇಲೊಂದು ಬೀಳುತ್ತವೆ. 2021ರಲ್ಲಿ ಬಂದ ವಿಂಡೋಸ್ 11 ಇದಕ್ಕೆ ಪರಿಹಾರ ಕೊಟ್ಟಿದೆ: ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್ ತೆರೆದರೆ, ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆಯಿದೆ, ಮಾನಿಟರ್ ಕಿತ್ತಾಗ ಅದರಲ್ಲಿದ್ದ ವಿಂಡೋಗಳನ್ನು ಟಾಸ್ಕ್‌ಬಾರಿಗೆ ಇಳಿಸುವ ಆಯ್ಕೆಯೂ ಇದೆ. ಎರಡನ್ನೂ ಗುರುತು ಹಾಕಿ ಇಡುವುದು ಒಳ್ಳೆಯದು.

ಆದರೆ ಇದು ತೆರೆದಿರುವ ವಿಂಡೋಗಳ ಮಟ್ಟಿಗೆ. ಮುಚ್ಚಿ ತೆರೆಯುವ ಪ್ರೋಗ್ರಾಂ ತನ್ನ ಲೆಕ್ಕವನ್ನು ತಾನೇ ಇಡಬೇಕು. ಸಾಮಾನ್ಯ ತಪ್ಪು, ಮುಚ್ಚುವ ಕ್ಷಣದಲ್ಲಿ ವಿಂಡೋ ಎಲ್ಲಿದೆಯೋ ಅದನ್ನು ಕಣ್ಣುಮುಚ್ಚಿ ಬರೆಯುವುದು. ಕೇಬಲ್ ಕಿತ್ತ ಮೇಲೆ ವ್ಯವಸ್ಥೆ ತಳ್ಳಿದ ಜಾಗ ಅದು, ಬಳಕೆದಾರರು ಆರಿಸಿದ್ದಲ್ಲ. ಅದನ್ನು ಬರೆದ ಕೂಡಲೇ ಅವರು ವಾರಗಟ್ಟಲೆ ಹೊಂದಿಸಿಕೊಂಡಿದ್ದ ಜಾಗ ಅಳಿಸಿಹೋಗುತ್ತದೆ. ಪರದೆಗಳ ಪ್ರತಿ ಜೋಡಣೆಗೂ ಒಂದೊಂದು ದಾಖಲೆ ಇಡುವುದು ಸರಿಯಾದ ದಾರಿ: ಲ್ಯಾಪ್‌ಟಾಪ್ ಒಂದೇ ಇದ್ದಾಗ ಒಂದು, ಕಚೇರಿಯ ಮಾನಿಟರ್ ಜೊತೆಗೆ ಇನ್ನೊಂದು, ಮನೆಯದರ ಜೊತೆಗೆ ಮತ್ತೊಂದು. ಇತ್ತೀಚಿನ ಹತ್ತು ಜೋಡಣೆಗಳನ್ನು ಇಟ್ಟು ಹಳೆಯದನ್ನು ತೆಗೆದರೆ ಸಾಕು, ಒಂದೆರಡು ಸಾವಿರ ಬೈಟ್ ಕೂಡ ಆಗುವುದಿಲ್ಲ. ಪರದೆ ಬದಲಾದ ಸಂದೇಶ ಬಂದ ಮೇಲೆ ಐದಾರು ಸೆಕೆಂಡು ಏನನ್ನೂ ಬರೆಯದೆ ಕಾಯಬೇಕು, ಏಕೆಂದರೆ ಒಂದು ಕೇಬಲ್ ಜೋಡಿಸಿದಾಗ ಅಂಥ ಸಂದೇಶಗಳು ಒಂದರ ಹಿಂದೊಂದು ಬರುತ್ತವೆ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಯಂತ್ರಕ್ಕೆ ಬರುವಾಗಲೂ ಪರದೆಗಳು ಬದಲಾಗುತ್ತವೆ. ಅದನ್ನೂ ಒಂದು ಜೋಡಣೆಯೆಂದೇ ಎಣಿಸಬೇಕು.

ಡೈಲಾಗ್‌ಗಳ ಬಗ್ಗೆ ಒಂದು ಮಾತು. 'ಅಳಿಸಲೇ?' ಎಂದು ಕೇಳುವ ಪುಟ್ಟ ವಿಂಡೋ ತನ್ನ ಮುಖ್ಯ ವಿಂಡೋ ಇರುವ ಪರದೆಯಲ್ಲೇ, ಅದರ ಮೇಲೆಯೇ ತೆರೆಯಬೇಕು. ಅದಕ್ಕೆ ಹಳೆಯ ಜಾಗದ ನೆನಪು ಬೇಡ. ಅದು ಇಲ್ಲದ ಪರದೆಗೆ ಹೋದರೆ ಮುಖ್ಯ ವಿಂಡೋ ಮರಗಟ್ಟಿದಂತಾಗುತ್ತದೆ: ಎಲ್ಲಿ ಒತ್ತಿದರೂ ಟಣ್ ಎಂಬ ಸದ್ದು ಮಾತ್ರ. ಅಂಥ ವೇಳೆಯಲ್ಲಿ ಎಂಟರ್ ಒತ್ತಬೇಡಿ, ಕಾಣದ ಪ್ರಶ್ನೆಗೆ ಹೌದು ಎಂದಂತೆ ಆಗಬಹುದು. ಎಸ್ಕೇಪ್ ಕೀಲಿ ಒತ್ತಿ.

ಉಳಿದ ವ್ಯವಸ್ಥೆಗಳಲ್ಲಿ ಹೇಗಿದೆ? ಒಂದಕ್ಕಿಂತ ಹೆಚ್ಚು ಪರದೆಯ ಸೌಲಭ್ಯ ವಿಂಡೋಸ್‌ಗೆ 1998ರಲ್ಲಿ ಬಂದರೆ, ಆಪಲ್‌ನ ಮ್ಯಾಕಿಂಟಾಷ್ 2ರಲ್ಲಿ 1987ರಲ್ಲೇ ಇತ್ತು. ಆ ಹಿನ್ನೆಲೆಯಿಂದಲೋ ಏನೋ, ಮ್ಯಾಕ್‌ನಲ್ಲಿ ಈ ಕೆಲಸ ಅಚ್ಚುಕಟ್ಟಾಗಿದೆ. ವಿಂಡೋಗೆ ಒಂದು ಹೆಸರು ಕೊಟ್ಟರೆ ವ್ಯವಸ್ಥೆಯೇ ಅದರ ಜಾಗ ನೆನಪಿಡುತ್ತದೆ, ಹಾಗೆ ಬರೆದಿಡುವ ಸಾಲಿನಲ್ಲಿ ಎಂಟು ಅಂಕಿಗಳಿರುತ್ತವೆ: ನಾಲ್ಕು ವಿಂಡೋದವು, ನಾಲ್ಕು ಆಗ ಇದ್ದ ಪರದೆಯವು. ಸ್ಥಾನದ ಜೊತೆಗೆ ಪರದೆಯನ್ನೂ ಬರೆಯಬೇಕೆಂಬ ಈ ಪತ್ರದ ವಾದ ಅಲ್ಲಿ ಹಿಂದೆಯೇ ಜಾರಿಯಲ್ಲಿದೆ.

ಲಿನಕ್ಸ್‌ನ ಹಳೆಯ ಎಕ್ಸ್ ವ್ಯವಸ್ಥೆಯಲ್ಲೂ ಒಂದು ಒಳ್ಳೆಯ ಉಪಾಯವಿತ್ತು. ಸ್ಥಾನದ ಅಂಕಿಯ ಹಿಂದೆ ಪ್ಲಸ್ ಹಾಕಿದರೆ ಎಡ ಅಂಚಿನಿಂದ, ಮೈನಸ್ ಹಾಕಿದರೆ ಬಲ ಅಂಚಿನಿಂದ ಅಷ್ಟು ದೂರ. ಬಲ ಮೂಲೆಯಲ್ಲಿಟ್ಟ ಗಡಿಯಾರ, ಪರದೆ ಚಿಕ್ಕದಾದರೂ ಬಲ ಮೂಲೆಯಲ್ಲೇ ಉಳಿಯುತ್ತಿತ್ತು. ಹತ್ತಿರದ ಅಂಚಿನಿಂದ ದೂರ ಅಳೆಯುವ ಈ ಪದ್ಧತಿಯನ್ನು ಇಂದಿನವರೂ ಅನುಸರಿಸಬಹುದು. ಎಕ್ಸ್‌ನ ಜಾಗಕ್ಕೆ ಬಂದಿರುವ ವೇಲ್ಯಾಂಡ್ ವ್ಯವಸ್ಥೆ, ಲಿನಕ್ಸ್‌ನ ಆವೃತ್ತಿಗಳಲ್ಲಿ, 2016ರಲ್ಲಿ ಫೆಡೋರಾ 25ರಿಂದ, 2021ರಲ್ಲಿ ಉಬುಂಟು 21.04ರಿಂದ ಪೂರ್ವನಿಯೋಜಿತವಾಗಿದೆ. ಅಲ್ಲಿ ಪ್ರೋಗ್ರಾಂಗೆ ತನ್ನ ಮುಖ್ಯ ವಿಂಡೋ ಎಲ್ಲಿದೆ ಎಂದು ತಿಳಿಯುವುದೂ ಇಲ್ಲ, ಇಂಥಲ್ಲೇ ಇಡು ಎಂದು ಹೇಳುವ ಅಧಿಕಾರವೂ ಇಲ್ಲ. ಎಲ್ಲವೂ ಡೆಸ್ಕ್‌ಟಾಪಿನ ಕೈಯಲ್ಲಿ. ವಿಂಡೋ ಕಳೆದುಹೋಗುವ ಪ್ರಮೇಯ ಇದರಿಂದ ಬಹಳ ಕಡಿಮೆಯಾಗಿದೆ, ಅದು ಸರಿಯಾದ ಹೆಜ್ಜೆ. ಆದರೆ ಮೂರು ನಾಲ್ಕು ವಿಂಡೋ ಹರಡಿಕೊಂಡು ಕೆಲಸ ಮಾಡುವ ವಿನ್ಯಾಸಕಾರರಿಗೆ ಇದು ಅನಾನುಕೂಲ. ಅಲ್ಲಿ ಪ್ರೋಗ್ರಾಂ ಅಳತೆಯನ್ನೂ ಹಿಗ್ಗಿಸಿದ ಗುರುತನ್ನೂ ಮಾತ್ರ ನೆನಪಿಟ್ಟು, ಸ್ಥಾನದ ಗೊಡವೆಗೆ ಹೋಗದಿರುವುದೇ ಲೇಸು.

ವಿಂಡೋ ಈಗಾಗಲೇ ಕಳೆದುಹೋಗಿದ್ದರೆ ಓದುಗರು ಹೀಗೆ ಮಾಡಬಹುದು. ಟಾಸ್ಕ್‌ಬಾರಿನ ಐಕಾನ್ ಒತ್ತಿ ಪ್ರೋಗ್ರಾಂ ಆರಿಸಿಕೊಂಡು, ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣವನ್ನು ಒಟ್ಟಿಗೆ ಒತ್ತಿದರೆ ವಿಂಡೋ ಪರದೆಯಿಂದ ಪರದೆಗೆ ಹಾರುತ್ತದೆ. ಒಂದೇ ಪರದೆಯಿದ್ದು ಅದು ಕೆಲಸ ಮಾಡದಿದ್ದರೆ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ಬಿಟ್ಟು, ಎಂ ಒತ್ತಿ, ಯಾವುದಾದರೂ ಬಾಣದ ಕೀಲಿಯನ್ನು ಒಮ್ಮೆ ಒತ್ತಿ. ಆಮೇಲೆ ಮೌಸ್ ಅಲುಗಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಬರುತ್ತದೆ, ಕ್ಲಿಕ್ ಮಾಡಿದಲ್ಲಿ ನಿಲ್ಲುತ್ತದೆ. ವಿಂಡೋ ಹಿಗ್ಗಿದ ಸ್ಥಿತಿಯಲ್ಲಿದ್ದರೆ ಎಂ ಕೆಲಸ ಮಾಡದು, ಮೊದಲು ಆಲ್ಟ್ ಸ್ಪೇಸ್ ನಂತರ ಆರ್ ಒತ್ತಿ ಸಹಜ ಸ್ಥಿತಿಗೆ ತರಬೇಕು. ಪ್ರೊಜೆಕ್ಟರ್ ಆಫ್ ಮಾಡಿದ್ದರೂ ಕೇಬಲ್ ಹಾಗೇ ಇದ್ದರೆ ವಿಂಡೋಸ್ ಕೀಲಿ ಮತ್ತು ಪಿ ಒತ್ತಿ, 'ಪಿಸಿ ಪರದೆ ಮಾತ್ರ' ಆರಿಸಿದರೆ ಸಾಕು. ಉಬುಂಟುವಿನಲ್ಲಿ ಸೂಪರ್ (ವಿಂಡೋಸ್ ಕೀಲಿಯೇ), ಶಿಫ್ಟ್ ಮತ್ತು ಬಾಣದ ಕೀಲಿ. ಮ್ಯಾಕ್‌ನಲ್ಲಿ ವಿಂಡೋ ಮೆನುವಿನಲ್ಲೇ ಇನ್ನೊಂದು ಪರದೆಗೆ ಸರಿಸುವ ಆಯ್ಕೆ ಸಿಗುತ್ತದೆ.

ಕೊನೆಯದಾಗಿ, ಇಲಾಖೆಗಳಿಗೆ ಮತ್ತು ಸಹಕಾರಿ ಬ್ಯಾಂಕುಗಳಿಗೆ ತಂತ್ರಾಂಶ ಕೊಳ್ಳುವವರಲ್ಲಿ ಒಂದು ನೇರ ವಿನಂತಿ. ತಂತ್ರಾಂಶ ಒಪ್ಪಿಕೊಳ್ಳುವ ಮುನ್ನ ನಡೆಸುವ ಪರೀಕ್ಷೆಯಲ್ಲಿ ಎರಡು ಪರದೆಯ ಪರೀಕ್ಷೆಯನ್ನೂ ಟೆಂಡರಿನಲ್ಲೇ ಬರೆಯಿರಿ. ಇದಕ್ಕೆ ಒಂದು ಲ್ಯಾಪ್‌ಟಾಪ್, ಒಂದು ಮಾನಿಟರ್, ಒಂದು ಕೇಬಲ್, ಅರ್ಧ ಗಂಟೆ ಸಾಕು. ಲ್ಯಾಪ್‌ಟಾಪ್ ಶೇ 150, ಮಾನಿಟರ್ ಶೇ 100 ಇರಲಿ. ಪ್ರೋಗ್ರಾಮನ್ನು ಮಾನಿಟರಿನಲ್ಲಿ ಮುಚ್ಚಿ, ಕೇಬಲ್ ಕಿತ್ತು, ಲ್ಯಾಪ್‌ಟಾಪಿನಲ್ಲಿ ತೆರೆಯಿರಿ: ಪೂರ್ತಿ ಕಾಣಬೇಕು, ಕೊನೆಯ ಬಟನ್ ಕೈಗೆ ಸಿಗಬೇಕು. ಮುಚ್ಚಿ, ಕೇಬಲ್ ಜೋಡಿಸಿ, ತೆರೆಯಿರಿ: ಮಾನಿಟರಿನ ಹಳೆಯ ಜಾಗಕ್ಕೇ ಬರಬೇಕು. ಮಾನಿಟರನ್ನು ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಸರಿಸಿ ಇವೆರಡನ್ನೂ ಮತ್ತೆ ಮಾಡಿ. ಹಿಗ್ಗಿಸಿ ಮುಚ್ಚಿ ಒಮ್ಮೆ, ಕುಗ್ಗಿಸಿ ಮುಚ್ಚಿ ಒಮ್ಮೆ. ಡೈಲಾಗ್ ತೆರೆದಿರುವಾಗಲೇ ಕೇಬಲ್ ಕೀಳಿ. ನಂತರ ಆ ಮಾನಿಟರನ್ನು ತೆಗೆದು ಬೇರೊಂದು ಪರದೆ ಅಥವಾ ಪ್ರೊಜೆಕ್ಟರ್ ಜೋಡಿಸಿ ತೆರೆಯಿರಿ: ವಿಂಡೋ ಲ್ಯಾಪ್‌ಟಾಪಿನಲ್ಲೇ ಉಳಿಯಬೇಕು. ಇವುಗಳಲ್ಲಿ ಒಂದರಲ್ಲಿ ಸೋತರೂ ತಿದ್ದಿ ತರಲು ಹೇಳಿ, ತಿದ್ದಿ ತಂದ ಮೇಲೆ ಕೊನೆಯ ಕಂತಿನ ಹಣ ಬಿಡುಗಡೆ ಮಾಡಿ.

ಇತಿ,
ತಂತ್ರಾಂಶ ಪರೀಕ್ಷಕ, ಬೆಂಗಳೂರು